ಆಮೇಲೆ ನೋಡೋಣ ಎಂದ ಪ್ರಶ್ನೆ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಅರಸೀಕೆರೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಯ ಪಾಠ ಅವಲೋಕಿಸುತ್ತಿದ್ದೆ. ಅನುವಂಶೀಯತೆಯ ಘಟಕ ಮುಗಿಸಿದ ಪ್ರಶಿಕ್ಷಣಾರ್ಥಿ, ಪಠ್ಯದಿಂದ ಸ್ವಲ್ಪ ಆಚೆ ಹೋಗಿ, ಬೇರೊಂದರ ವಂಶವಾಹಿ ತಂದು ಹಾಕಿ ಯೂರಿಯಾ ಒಡೆಯುವ ಬ್ಯಾಕ್ಟೀರಿಯಾ ತಯಾರಿಸುವ ಬಗೆ ಹೇಳಿದರು. ಚಾರ್ಟಿನಲ್ಲಿ ಕತ್ತರಿ, ಅಂಟು, ಒಂದು ಕೆಂಪು ವಂಶವಾಹಿ. ಕೊನೆಯ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಯೂರಿಯಾ ಒಡೆಯೋ ಬ್ಯಾಕ್ಟೀರಿಯಾ ಮೊದಲೇ ಇದೆಯಲ್ಲ, ಅದನ್ನೇ ಬಳಸಬಹುದಲ್ವಾ?"

"ಒಳ್ಳೆ ಪ್ರಶ್ನೆ, ಆಮೇಲೆ ನೋಡೋಣ" ಎಂದು ಅವರು ಮೌಲ್ಯಮಾಪನಕ್ಕೆ ಹೋದರು. ಪಾಠ ಯೋಜನೆಯಂತೆ ಎಲ್ಲವೂ ನಡೆದಿತ್ತು. ನಾನೂ ಒಳ್ಳೆಯ ಅಂಕ ಕೊಟ್ಟೆ. ಆ ಅಂಕದ ಬಗ್ಗೆಯೇ ನನಗೀಗ ತಕರಾರು.

ಹುಡುಗಿ ಹೇಳಿದ್ದು ಸರಿ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ಇಂಥ ಬ್ಯಾಕ್ಟೀರಿಯಾಗಳದೇ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ತಂಡ 2020ರಲ್ಲಿ ಪ್ರಕಟಿಸಿದ ಚಂದ್ರನ ಇಟ್ಟಿಗೆಯ ಪ್ರಯೋಗದಲ್ಲೂ ಸ್ಪೋರೋಸಾರ್ಸಿನಾ ಪ್ಯಾಸ್ಟೂರಿ ಎಂಬ ಬ್ಯಾಕ್ಟೀರಿಯಾ ಯೂರಿಯಾ ಒಡೆದು, ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿ, ಚಂದ್ರನ ಮಣ್ಣಿನಂಥ ಪುಡಿಯನ್ನು ಗಟ್ಟಿಮಾಡಿತು. ಜೊತೆಗೆ ಗೋರಿಕಾಯಿ ಬೀಜದ ಅಂಟು. ಅಲ್ಲಿ ಎರವಲು ಬೇಕಾಗಲಿಲ್ಲ.

ಹಾಗಾದರೆ ಎಲ್ಲಿ ಬೇಕು? 1996ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸತ್ಯ ಪ್ರಕಾಶ್ ಮತ್ತು ಥಾಮಸ್ ಚಾಂಗ್, ಕ್ಲೆಬ್ಸಿಯೆಲ್ಲಾದ ಯೂರಿಯೇಸ್ ವಂಶವಾಹಿಗಳನ್ನು ಹೊತ್ತ ಇ. ಕೋಲಿಯನ್ನು ಸೂಕ್ಷ್ಮ ಗುಳಿಗೆಗಳಲ್ಲಿಟ್ಟು, ಮೂತ್ರಪಿಂಡ ಸೋತ ಇಲಿಗಳಿಗೆ ತಿನ್ನಿಸಿದರು. ರಕ್ತದ ಯೂರಿಯಾ ಇಳಿಯಿತು. ಕ್ಲೆಬ್ಸಿಯೆಲ್ಲಾ ರೋಗ ತರಬಲ್ಲದ್ದು, ಪ್ರಯೋಗಾಲಯದ ಇ. ಕೋಲಿ ತಳಿ ಸಾಧು, ಸಾಕಲು ಸುಲಭ. ಕೆಲಸ ಒಬ್ಬರದು, ಸ್ವಭಾವ ಇನ್ನೊಬ್ಬರದು ಬೇಕಾದಾಗ ಎರವಲು. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು.

ಚಾರ್ಟಿನ ಒಂಟಿ ವಂಶವಾಹಿಯೂ ತಪ್ಪು. ಕ್ಲೆಬ್ಸಿಯೆಲ್ಲಾದಲ್ಲಿ ಈ ಕೆಲಸಕ್ಕೆ ಏಳು ವಂಶವಾಹಿಗಳ ಗುಂಪಿದೆ: ಮೂರು ಕಿಣ್ವದ ಭಾಗಗಳನ್ನು ಮಾಡುತ್ತವೆ, ನಾಲ್ಕು ಅದರೊಳಗೆ ನಿಕ್ಕಲ್ ಕೂರಿಸಲು ನೆರವಾಗುತ್ತವೆ. ಪಕ್ಕದ ತೋಟದಿಂದ ಪಂಪ್ ತಂದರೆ ಸಾಲದು. ಸ್ಟಾರ್ಟರು, ಕೇಬಲ್ಲು, ಜೋಡಿಸುವವನೂ ಬರಬೇಕು. ನಮ್ಮ ಮಕ್ಕಳಿಗೆ ಇದು ಕತ್ತರಿ-ಅಂಟಿಗಿಂತ ಬೇಗ ಹತ್ತುತ್ತದೆ. ಇನ್ನೊಂದು: ಯೂರಿಯಾ ಒಡೆದರೆ ಬರುವ ಅಮೋನಿಯಾ ದೇಹಕ್ಕೆ ಯೂರಿಯಾಗಿಂತ ವಿಷ. "ಯೂರಿಯಾ ಹೋಯಿತು" ಎಂದು ಪಾಠ ನಿಲ್ಲಿಸಿದರೆ ಅರ್ಧವೇ ಹೇಳಿದಂತೆ.

ಪ್ರಯೋಗವೂ ದುಬಾರಿಯಲ್ಲ. ಹುರಿಯದ ಸೋಯಾಬೀನ್ ಪುಡಿಯಲ್ಲಿ ಯೂರಿಯೇಸ್ ಇದೆ. ಅದನ್ನು ನೀರಲ್ಲಿ ನೆನೆಸಿ ಎರಡು ಪಾಲು ಮಾಡಿ. ಒಂದನ್ನು ಚೆನ್ನಾಗಿ ಕುದಿಸಿ ಆರಿಸಿ. ಎರಡಕ್ಕೂ ಚಿಟಿಕೆ ಯೂರಿಯಾ ಹಾಕಿ, ಅರಿಸಿನದ ಕಾಗದ ಅದ್ದುತ್ತಾ ಬನ್ನಿ. ಕುದಿಸದ್ದರಲ್ಲಿ ಸ್ವಲ್ಪ ಹೊತ್ತಿಗೆ ಕೆಂಪು ತಿರುಗುತ್ತದೆ, ಕುದಿಸಿದ್ದರಲ್ಲಿ ಇಲ್ಲ. ಏಕೆಂದು ಮಕ್ಕಳೇ ಕೇಳುತ್ತಾರೆ.

ನಮ್ಮ ಅವಲೋಕನ ಪತ್ರದಲ್ಲಿ ಕಪ್ಪುಹಲಗೆಯ ಬರಹಕ್ಕೆ, ಧ್ವನಿಗೆ, ಶಿಕ್ಷಕರು ಕೇಳುವ ಪ್ರಶ್ನೆಗೆ ಅಂಕವಿದೆ. ಮಕ್ಕಳು ಕೇಳಿದ್ದಕ್ಕೆ ಏನಾಯಿತು ಎಂದು ಬರೆಯಲು ಒಂದು ಸಾಲಿಲ್ಲ. ಸಾಲು ಇಲ್ಲದ ಕಡೆ ಪ್ರಶಿಕ್ಷಣಾರ್ಥಿ ನಿಲ್ಲುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಮುಂದಿನ ತಂಡಕ್ಕೆ ಪತ್ರ ಅಚ್ಚು ಹಾಕಿಸುವ ಮೊದಲು ಆ ಸಾಲು ಸೇರಿಸೋಣ, ಬೇಕಿದ್ದರೆ ಧ್ವನಿಯ ಅಂಕ ಕಡಿಮೆ ಮಾಡಿ.

ಮುಂದಿನ ವಾರ ಅದೇ ತರಗತಿಯಲ್ಲಿ ಅವರ ಇನ್ನೊಂದು ಪಾಠವಿದೆ. ಸೋಯಾ ಪುಡಿಯ ಪೊಟ್ಟಣ ಕೊಟ್ಟು ಕಳಿಸುತ್ತಿದ್ದೇನೆ.