ಯಂತ್ರಕ್ಕಿಂತ ಮೊದಲು ನಕ್ಷೆ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳಕ್ಕೆ ಹೋಗಿಬರುವ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಎರಡು ವರ್ಗಗಳನ್ನು ಕಾಣಬಹುದು. ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನು ಕಟ್ಟುವ ತ್ರೀಡಿ ಮುದ್ರಣ ಯಂತ್ರ, ದಪ್ಪ ತಗಡನ್ನು ಕಾಗದದಂತೆ ಸೀಳುವ ಲೇಸರ್, ಬಿಡಿಭಾಗದ ಆಕಾರವನ್ನು ನಿಮಿಷಗಳಲ್ಲಿ ಗಣಕಕ್ಕೆ ಇಳಿಸುವ ಸ್ಕ್ಯಾನರ್ ಇವುಗಳನ್ನು ಕಂಡು ಮಾರುಹೋಗಿ, ಊರಿಗೆ ಮರಳುವ ಮೊದಲೇ ಮುಂಗಡ ಹಣ ಕೊಟ್ಟುಬರುವವರು ಮೊದಲನೆಯ ವರ್ಗ. ಇದೆಲ್ಲ ದೊಡ್ಡವರ ವ್ಯವಹಾರ, ತಮ್ಮ ಶೆಡ್ಡಿಗೆ ಒಗ್ಗುವುದಲ್ಲವೆಂದು ಕೈಚೀಲದ ತುಂಬ ಮಾಹಿತಿ ಪತ್ರಗಳನ್ನು ಹೊತ್ತು ಹಿಂದಿರುಗುವವರು ಎರಡನೆಯ ವರ್ಗ. ಇಬ್ಬರೂ ಯಂತ್ರದ ಬೆಲೆಪಟ್ಟಿಯನ್ನೇ ನೋಡಿ ತೀರ್ಮಾನಕ್ಕೆ ಬಂದವರು. ಆ ಯಂತ್ರಕ್ಕೆ ಉಣಿಸಬೇಕಾದ ನಕ್ಷೆ ತಮ್ಮ ಬಳಿ ಇದೆಯೇ, ಇದ್ದರೆ ಅದು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಿರುವುದಿಲ್ಲ.

ಡಿಜಿಟಲ್ ತಯಾರಿಕೆ ಎಂಬ ಹೆಸರು ಹೊಸದೇ ಹೊರತು ವಿಷಯ ಹೊಸತಲ್ಲ. ಅಂಕಿಗಳ ಮೂಲಕ ಯಂತ್ರವನ್ನು ನಡೆಸುವ ವಿಧಾನವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲೇ ಪ್ರದರ್ಶಿಸಿತ್ತು. ಇಂದು ಪೀಣ್ಯದ ಗಲ್ಲಿಗಳಲ್ಲಿ ಸಿಎನ್‌ಸಿ ಯಂತ್ರವಿಲ್ಲದ ಶೆಡ್ಡು ಹುಡುಕಿದರೂ ಸಿಗುವುದು ಕಷ್ಟ. ಈಚಿನ ವರ್ಷಗಳಲ್ಲಿ ಬದಲಾಗಿರುವುದು ಬೆಲೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಗಳಾಗಿ ಕೂರಿಸುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಅವಧಿ ಮುಗಿಸಿತು. ಅದಕ್ಕೂ ಮೊದಲೇ, 2005ರಲ್ಲಿ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಅವರು ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಮುದ್ರಣ ಯಂತ್ರದ ವಿನ್ಯಾಸವನ್ನು ಮುಕ್ತವಾಗಿ ಹಂಚುವ ಕಾರ್ಯ ಆರಂಭಿಸಿದ್ದರು. ಇವೆರಡರ ಪರಿಣಾಮವಾಗಿ ಒಂದು ಕಾಲದಲ್ಲಿ ಸಂಶೋಧನಾಲಯಗಳಿಗಷ್ಟೇ ಎಟುಕುತ್ತಿದ್ದ ಸಾಧನವು ಇಂದು ದ್ವಿಚಕ್ರ ವಾಹನದ ಬೆಲೆಗೂ ಕಡಿಮೆಗೆ ದೊರೆಯುತ್ತಿದೆ. ಯಂತ್ರ ಅಗ್ಗವಾದಂತೆಲ್ಲ ನಕ್ಷೆಯ ಮೌಲ್ಯ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮೇಳಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಯಂತ್ರ ಮಾರಾಟವಾಗುವುದು ನಿಧಾನವಾದೀತು.

ಬೆಳಗಾವಿಯ ಎರಕದ ಉದ್ಯಮವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ಯಮಬಾಗ್ ಮತ್ತು ಮಚ್ಛೆ ಪ್ರದೇಶಗಳ ಫೌಂಡ್ರಿಗಳು ಪಂಪು, ವಾಲ್ವು, ವಾಹನ ಹಾಗೂ ಹೈಡ್ರಾಲಿಕ್ ಬಿಡಿಭಾಗಗಳ ಎರಕಕ್ಕೆ ದೇಶದಲ್ಲೆಲ್ಲ ಹೆಸರಾಗಿವೆ. ಎರಕಕ್ಕೆ ಮೊದಲು ಪ್ಯಾಟರ್ನ್ ಬೇಕು; ಒಳಗೆ ಟೊಳ್ಳಿರಬೇಕಾದರೆ ಕೋರ್ ಬಾಕ್ಸ್ ಬೇಕು. ಇವು ಮರದ್ದಾಗಿರಲಿ ಅಲ್ಯೂಮಿನಿಯಂದ್ದಾಗಿರಲಿ, ಹೊಸ ಗಿರಾಕಿಯ ಮೊದಲ ಮಾದರಿ ಕೈಸೇರಲು ತಗಲುವ ಕಾಲದ ಬಹುಪಾಲು ಇಲ್ಲಿಯೇ ವ್ಯಯವಾಗುತ್ತದೆ. ಕಬ್ಬಿಣ ಕರಗಿಸಿ ಹುಯ್ಯುವುದು ಒಂದು ದಿನದ ಕೆಲಸ. ಪ್ಯಾಟರ್ನ್ ವಾರಗಳ ಕೆಲಸ. ಮಾದರಿಯಲ್ಲಿ ತಿದ್ದುಪಡಿ ಬಂದರೆ ಮತ್ತೆ ವಾರಗಳು. ಗಣಕದ ನಕ್ಷೆಯಿಂದ ನೇರವಾಗಿ ಮರವನ್ನೋ ಎಂಡಿಎಫ್ ಹಲಗೆಯನ್ನೋ ಕೊರೆಯುವ ಸಿಎನ್‌ಸಿ ರೌಟರ್ ಈ ಅವಧಿಯನ್ನು ದಿನಗಳಿಗೆ ಇಳಿಸಬಲ್ಲದು. ಒಂದೇ ಒಂದು ಭಾರೀ ಎರಕ ಬೇಕಾದಾಗ ಥರ್ಮೋಕೋಲನ್ನು ಕೊರೆದು ಮರಳಿನಲ್ಲಿ ಹೂತು, ಕಾದ ಲೋಹವು ಅದನ್ನು ಸುಟ್ಟು ಆ ಜಾಗ ತುಂಬುವಂತೆ ಮಾಡುವ ಪದ್ಧತಿಯೂ ಇದೆ. ಇನ್ನೂ ಮುಂದೆ ಹೋಗಿ ಮರಳಿನ ಅಚ್ಚನ್ನೇ ನೇರವಾಗಿ ಮುದ್ರಿಸುವ ಯಂತ್ರಗಳೂ ಬಂದಿವೆ. ಅಲ್ಲಿ ಪ್ಯಾಟರ್ನ್ ಎಂಬುದೇ ಇಲ್ಲ, ನಕ್ಷೆಯೊಂದಿದ್ದರೆ ಸಾಕು.

ಆದರೆ ಆ ನಕ್ಷೆ ಸುಲಭದ್ದಲ್ಲ. ಗಿರಾಕಿ ಕಳುಹಿಸುವುದು ಸಿದ್ಧಗೊಂಡ ಬಿಡಿಭಾಗದ ನಕ್ಷೆ. ಅದನ್ನೇ ರೌಟರಿಗೆ ಉಣಿಸಿದರೆ ಹೊರಬರುವ ಎರಕ ಕಸದ ಗುಡ್ಡೆಗೆ ಸೇರುತ್ತದೆ. ಬೂದು ಎರಕದ ಕಬ್ಬಿಣ ತಣಿಯುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ, ಎಂದರೆ ಮೀಟರಿಗೆ 10 ಮಿಲಿಮೀಟರು. ಉಕ್ಕು ಅದರ ಎರಡರಷ್ಟು. ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಮರಳಿನಿಂದ ಎತ್ತುವಾಗ ಅಚ್ಚು ಒಡೆಯದಂತೆ ಬದಿಗಳಿಗೆ ಇಳಿಜಾರು ಕೊಡಬೇಕು, ಯಂತ್ರದಲ್ಲಿ ಕಡೆಯುವ ಮೈಗೆ ಹೆಚ್ಚುವರಿ ದಪ್ಪ ಬಿಡಬೇಕು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಪುಸ್ತಕದಲ್ಲಿಲ್ಲದ್ದು ಹಳೆಯ ಪ್ಯಾಟರ್ನ್ ಮೇಸ್ತ್ರಿಯ ಬಳಿಯಿದೆ. ದಪ್ಪ ಭಾಗವೂ ತೆಳು ಭಾಗವೂ ಸೇರಿದ ಎರಕ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಒಳಗಿನ ಗಟ್ಟಿ ಕೋರ್ ಕುಗ್ಗುವುದನ್ನೇ ತಡೆಯುತ್ತದೆ. ಉದ್ದನೆಯ ತಟ್ಟೆ ಬಾಗುತ್ತದೆಂದು ಮೊದಲೇ ಪ್ಯಾಟರ್ನನ್ನು ಎದುರು ದಿಕ್ಕಿಗೆ ಬಾಗಿಸಿಡಬೇಕಾಗುತ್ತದೆ. ಗಣಕದ ತಂತ್ರಾಂಶವಾದರೋ ಶೇಕಡಾ 1 ಎಂದು ಹೇಳಿದರೆ ಇಡೀ ವಸ್ತುವನ್ನು ಶೇಕಡಾ 1ರಷ್ಟು ಹಿಗ್ಗಿಸಿ ಕೈತೊಳೆದುಕೊಳ್ಳುತ್ತದೆ.

ಆದ್ದರಿಂದ ರೌಟರು ಬಂದ ದಿನವೇ ಮೇಸ್ತ್ರಿಯನ್ನು ಮನೆಗೆ ಕಳುಹಿಸುವ ಯಜಮಾನನು ತನ್ನ ಸಂಸ್ಥೆಯ ಅತ್ಯಮೂಲ್ಯ ದಾಖಲೆಯನ್ನು ಬೀದಿಗೆ ಎಸೆದಂತೆಯೇ ಸರಿ. ಮಾಡಬೇಕಾದುದು ಇದಕ್ಕೆ ವಿರುದ್ಧವಾದ ಕೆಲಸ. ಡಿಪ್ಲೊಮಾ ಮುಗಿಸಿ ಬಂದ ಯುವಕ ಅಥವಾ ಯುವತಿಯೊಬ್ಬರನ್ನು ಮೇಸ್ತ್ರಿಯ ಪಕ್ಕದಲ್ಲಿ ಕೂರಿಸಿ, ಪ್ರತಿಯೊಂದು ಪ್ಯಾಟರ್ನಿಗೂ ಎಲ್ಲೆಲ್ಲಿ ಎಷ್ಟೆಷ್ಟು ಹೆಚ್ಚು ಕಡಿಮೆ ಮಾಡಲಾಯಿತು, ಏಕೆ ಮಾಡಲಾಯಿತು ಎಂಬುದನ್ನು ನಕ್ಷೆಯಲ್ಲಿ ಬರೆಸಿಡಬೇಕು. ಮೇಸ್ತ್ರಿಗಳಲ್ಲಿ ಅನೇಕರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಯಂತ್ರವನ್ನು ಮುಂದಿನ ವರ್ಷ ಕೊಂಡರೂ ಸಿಗುತ್ತದೆ, ಪ್ರಾಯಶಃ ಇನ್ನೂ ಅಗ್ಗಕ್ಕೆ. ಮೇಸ್ತ್ರಿಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಹಳೆಯ ಬಿಡಿಭಾಗವನ್ನು ಸ್ಕ್ಯಾನ್ ಮಾಡಿದರೆ ನಕ್ಷೆ ತಾನಾಗಿ ದೊರೆಯುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಸ್ಕ್ಯಾನರ್ ತೋರಿಸುವುದು ಎದುರಿಗಿರುವ ವಸ್ತುವಿನ ಆಕಾರವನ್ನು ಮಾತ್ರ. ಹತ್ತು ವರ್ಷ ಓಡಿದ ಪಂಪಿನ ಇಂಪೆಲ್ಲರನ್ನು ಸ್ಕ್ಯಾನ್ ಮಾಡಿದರೆ ಅದರ ಸವಕಳಿಯೂ ನಕ್ಷೆಯೊಳಗೆ ಬಂದು ಕೂರುತ್ತದೆ. ಯಾವ ಅಳತೆ ಬಿಗಿಯಾಗಿರಬೇಕು, ಯಾವುದಕ್ಕೆ ಎಷ್ಟು ಸಡಿಲಿಕೆ ಸಲ್ಲುತ್ತದೆ, ಲೋಹ ಯಾವ ದರ್ಜೆಯದು ಎಂಬುದನ್ನು ಅದು ಹೇಳಲಾರದು. ಸ್ಕ್ಯಾನ್ ಮಾಡಿದ್ದೆಲ್ಲವೂ ತಯಾರಿಸಲು ಮುಕ್ತವಲ್ಲ ಎಂಬುದನ್ನೂ ಗಮನಿಸಬೇಕು. 2000ದ ವಿನ್ಯಾಸ ಕಾಯಿದೆಯಂತೆ ನೋಂದಾಯಿತ ವಿನ್ಯಾಸಕ್ಕೆ 10 ವರ್ಷಗಳ, ಬೇಡಿಕೆಯ ಮೇರೆಗೆ ಮತ್ತೆ 5 ವರ್ಷಗಳ ರಕ್ಷಣೆಯಿದೆ.

ನಕ್ಷೆ ಸಿದ್ಧವಿದ್ದವರು ಮೊದಲು ಏನನ್ನು ತಯಾರಿಸಬೇಕು? ಮಾರಾಟದ ವಸ್ತುವನ್ನೇ ಮುದ್ರಿಸುವ ಉತ್ಸಾಹ ಬಹುತೇಕ ಕಡೆ ನಷ್ಟಕ್ಕೆ ದಾರಿ. ಸಾವಿರಗಟ್ಟಲೆ ಬೇಕಾದ ಪ್ಲಾಸ್ಟಿಕ್ ಭಾಗಕ್ಕೆ ಅಚ್ಚಿನ ಯಂತ್ರವನ್ನು ಮೀರಿಸಬಲ್ಲ ಮುದ್ರಣ ಯಂತ್ರ ಇನ್ನೂ ಬಂದಿಲ್ಲ. ಲಾಭವಿರುವುದು ಶೆಡ್ಡಿನ ಒಳಗಿನ ಸಹಾಯಕ ಸಾಧನಗಳಲ್ಲಿ: ಕೊರೆಯುವಾಗ ಕೆಲಸವನ್ನು ಹಿಡಿದಿಡುವ ಜಿಗ್ ಮತ್ತು ಫಿಕ್ಸ್ಚರ್‌ಗಳು, ಹೋಗುತ್ತದೆ ಅಥವಾ ಹೋಗುವುದಿಲ್ಲ ಎಂದು ಪರೀಕ್ಷಿಸುವ ಒರಟು ಗೇಜುಗಳು, ಜೋಡಣೆಯ ತಟ್ಟೆಗಳು, ಕೈಯಚ್ಚಿನ ಸಣ್ಣ ಪ್ಯಾಟರ್ನ್‌ಗಳು. ಇಲ್ಲಿಯೂ ಎಚ್ಚರ ಬೇಕು. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗತೊಡಗುತ್ತದೆ. ಹಿಂದಿನ ಎರಕದ ಮರಳು ಪೂರ್ತಿ ತಣಿಯುವ ಮೊದಲೇ ಅದರಲ್ಲಿ ಇಂತಹ ಪ್ಯಾಟರ್ನ್ ಒತ್ತಿದರೆ ಅಳತೆ ಕೈಬಿಟ್ಟಂತೆಯೇ.

ತಗಡಿನ ಕೆಲಸದವರಿಗೆ ಲೆಕ್ಕ ಇನ್ನೂ ಸರಳ. ಒಂದು ಪ್ರೆಸ್ ಡೈಗೆ 1 ಲಕ್ಷ ರೂಪಾಯಿ ತಗಲುತ್ತದೆ, ಆ ಬಳಿಕ ಪ್ರತಿ ತುಣುಕಿಗೆ 5 ರೂಪಾಯಿ; ಡೈ ಇಲ್ಲದೆ ಲೇಸರಿನಲ್ಲಿ ಕತ್ತರಿಸಿದರೆ ತುಣುಕಿಗೆ 25 ರೂಪಾಯಿ ಎಂದಿಟ್ಟುಕೊಂಡರೆ, 5,000 ತುಣುಕುಗಳವರೆಗೆ ಲೇಸರೇ ಅಗ್ಗ. ಅಂಕಿಗಳು ಕಲ್ಪಿತವಾದರೂ ವಿಧಾನ ಎಲ್ಲರಿಗೂ ಸಲ್ಲುತ್ತದೆ. 300 ತುಣುಕುಗಳ ವಿಚಾರಣೆ ಬಂದಾಗ ಡೈ ಖರ್ಚು ಮೈಮೇಲೆ ಬರುತ್ತದೆಂದು ಹಿಂದೆ ಕೈಚೆಲ್ಲುತ್ತಿದ್ದವರು ಈಗ ದರಪಟ್ಟಿ ಕಳುಹಿಸಬಹುದು.

ಬಾಹ್ಯಾಕಾಶ ಕ್ಷೇತ್ರದ ಸಾಧನೆಯನ್ನು ಈ ಸಂದರ್ಭದಲ್ಲಿ ಪದೇಪದೇ ಉದಾಹರಿಸಲಾಗುತ್ತಿದೆ. 2024ರ ಮೇ 9ರಂದು ಇಸ್ರೋ ಪರೀಕ್ಷಿಸಿದ ಪಿಎಸ್‌4 ಎಂಜಿನನ್ನು ಲೋಹದ ಪುಡಿಯಿಂದ ಮುದ್ರಿಸಲಾಗಿತ್ತು. 14 ಭಾಗಗಳಿದ್ದುದು ಒಂದೇ ಆಯಿತು, 19 ಬೆಸುಗೆಗಳು ಇಲ್ಲವಾದವು, 565 ಕಿಲೋಗ್ರಾಂ ಕಚ್ಚಾವಸ್ತುವಿನ ಜಾಗದಲ್ಲಿ 13.7 ಕಿಲೋಗ್ರಾಂ ಪುಡಿ ಸಾಕಾಯಿತು. ಹೆಮ್ಮೆಯ ಸಂಗತಿಯೇ ಹೌದು. ಹಾಗೆಂದು ಪೀಣ್ಯದ ಅಥವಾ ಹುಬ್ಬಳ್ಳಿಯ ಗೋಕುಲ ರಸ್ತೆಯ ಉದ್ಯಮಿಯು ಲೋಹ ಮುದ್ರಣ ಯಂತ್ರಕ್ಕೆ ಸಾಲದ ಅರ್ಜಿ ಹಾಕಬೇಕಾಗಿಲ್ಲ. ಅಲ್ಲಿ ಉಳಿತಾಯ ತಂದದ್ದು ಹೊಸ ವಿಧಾನಕ್ಕೆಂದೇ ಬದಲಾಯಿಸಿದ ವಿನ್ಯಾಸ. ಹಳೆಯ ನಕ್ಷೆಯನ್ನು ಹಾಗೆಯೇ ಲೋಹದಲ್ಲಿ ಮುದ್ರಿಸಿದ್ದರೆ ಆ ಅಂಕಿಗಳು ಬರುತ್ತಿರಲಿಲ್ಲ.

ಇನ್ನು ಯಂತ್ರದ ಖರೀದಿಯ ಪ್ರಶ್ನೆ. 20 ಲಕ್ಷ ರೂಪಾಯಿಯ ಯಂತ್ರವನ್ನು ಶೇಕಡಾ 11ರ ಬಡ್ಡಿಗೆ ಸಾಲ ತೆಗೆದು ತಂದು, 7 ವರ್ಷಗಳ ಸವಕಳಿ ಹಿಡಿದರೆ, ಮೊದಲ ವರ್ಷದ ಹೊರೆ ಸುಮಾರು 5 ಲಕ್ಷ. ವರ್ಷಕ್ಕೆ 2,000 ಗಂಟೆ ಓಡಿದರೆ ಗಂಟೆಗೆ 250 ರೂಪಾಯಿ. 250 ಗಂಟೆ ಮಾತ್ರ ಓಡಿದರೆ ಗಂಟೆಗೆ 2,000 ರೂಪಾಯಿ. ವಿದ್ಯುತ್ತು, ಕೂಲಿ ಇವು ಬೇರೆ. ಒಂದು ಸಣ್ಣ ಫೌಂಡ್ರಿಗೆ ವರ್ಷವಿಡೀ ರೌಟರಿಗೆ ಸಾಕಾಗುವಷ್ಟು ಪ್ಯಾಟರ್ನ್ ಕೆಲಸ ಇರುವುದಿಲ್ಲ. ಎಂಟು ಫೌಂಡ್ರಿಗಳಿಗೆ ಇರುತ್ತದೆ. ಹಂಚಿಕೊಂಡು ಬಳಸುವ ಮಾರ್ಗ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಪುಣೆ ಬಳಿಯ ಪಾಬಳ ಗ್ರಾಮದ ವಿಜ್ಞಾನ ಆಶ್ರಮದಲ್ಲಿ 2002ರಲ್ಲೇ ಫ್ಯಾಬ್ ಲ್ಯಾಬ್ ಆರಂಭವಾಯಿತು. ಮೆಸಾಚುಸೆಟ್ಸ್ ಸಂಸ್ಥೆಯ ಹೊರಗೆ ತಲೆಯೆತ್ತಿದ ಮೊದಮೊದಲಿನವುಗಳಲ್ಲಿ ಅದೂ ಒಂದು. ಕರ್ನಾಟಕದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಗೊಂಡ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ಅನೇಕ ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದೆ. ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಸಮೂಹ ಅಭಿವೃದ್ಧಿ ಯೋಜನೆಯಲ್ಲಿ ಅನುದಾನಕ್ಕೆ ಅವಕಾಶವಿದೆ.

ಇಂತಹ ಕೇಂದ್ರಗಳಲ್ಲಿ ಹಲವು ಉದ್ಘಾಟನೆಯ ಫಲಕದೊಂದಿಗೇ ಮುಪ್ಪಾಗುತ್ತವೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅನುದಾನ ಕಟ್ಟಡಕ್ಕೂ ಯಂತ್ರಕ್ಕೂ ಬರುತ್ತದೆ. ಯಂತ್ರ ನಡೆಸುವವನ ಐದನೆಯ ವರ್ಷದ ಸಂಬಳಕ್ಕೆ ಬರುವುದಿಲ್ಲ. ಆದಕಾರಣ ಕೈಗಾರಿಕಾ ಸಂಘಗಳು ಅನುದಾನಕ್ಕೆ ಅರ್ಜಿ ಬರೆಯುವ ಮೊದಲು ಸದಸ್ಯರಿಂದ ಗಂಟೆಗಳ ಲೆಕ್ಕದಲ್ಲಿ ಲಿಖಿತ ಭರವಸೆ ಪಡೆಯುವುದು ಲೇಸು. ಎಂಟು ಘಟಕಗಳು ತಲಾ 200 ಗಂಟೆಗೆ ಸಹಿ ಹಾಕಿದರೆ 1,600 ಗಂಟೆಗಳಾದವು, ಕೇಂದ್ರ ನಡೆದೀತು. ಸಹಿ ಹಾಕಲು ಯಾರೂ ಮುಂದೆ ಬಾರದಿದ್ದರೆ ಆ ಊರಿಗೆ ಆ ಯಂತ್ರ ಸದ್ಯಕ್ಕೆ ಬೇಕಿಲ್ಲವೆಂದೇ ಅರ್ಥ.

ಹಂಚಿಕೆಯ ಕೇಂದ್ರಕ್ಕೆ ನಕ್ಷೆ ಕೊಟ್ಟರೆ ಪಕ್ಕದ ಶೆಡ್ಡಿನವನ ಕೈಗೆ ಅದು ಸೇರೀತೆಂಬ ಭಯವೂ ನ್ಯಾಯವಾದದ್ದೇ. ಮರದ ಪ್ಯಾಟರ್ನನ್ನು ಕದಿಯಲು ಲಾರಿ ಬೇಕು, ಗಣಕದ ಕಡತಕ್ಕೆ ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಸಾಕು. ಇದಕ್ಕಿಂತಲೂ ಗಂಭೀರವಾದ ಪ್ರಶ್ನೆ ಗಿರಾಕಿಯೊಂದಿಗಿನದು. ಇದುವರೆಗೆ ಪ್ಯಾಟರ್ನಿಗೆ ಹಣ ಕೊಟ್ಟವನು ಗಿರಾಕಿಯಾದರೆ ಪ್ಯಾಟರ್ನ್ ಅವನದು, ಅದನ್ನು ಕಾಯ್ದಿಡುವ ಹೊರೆ ಮಾತ್ರ ಫೌಂಡ್ರಿಯದು ಎಂಬ ರೂಢಿಯಿತ್ತು. ಈಗ ಮೇಸ್ತ್ರಿಯ ಕುಗ್ಗಳತೆ, ಇಳಿಜಾರು, ಬಾಗುಗಳ ಅನುಭವವೆಲ್ಲ ಸೇರಿಸಿ ಸಿದ್ಧಪಡಿಸಿದ ಕಡತವನ್ನೂ ಗಿರಾಕಿ ಕೇಳತೊಡಗಿದ್ದಾನೆ. ಅದನ್ನು ಕೊಟ್ಟರೆ ಮುಂದಿನ ಆದೇಶ ಯಾವ ಊರಿನ ಫೌಂಡ್ರಿಗೆ ಹೋದರೂ ಆಶ್ಚರ್ಯವಿಲ್ಲ. ಮೂಲ ನಕ್ಷೆ ಗಿರಾಕಿಯದು, ಎರಕಕ್ಕಾಗಿ ಬದಲಾಯಿಸಿದ ಕಡತ ಫೌಂಡ್ರಿಯದು, ಅದು ಬೇಕಾದರೆ ಅದಕ್ಕೆ ಪ್ರತ್ಯೇಕ ಬೆಲೆ ಎಂಬ ಒಂದು ಸಾಲನ್ನು ಖರೀದಿ ಆದೇಶ ಒಪ್ಪಿಕೊಳ್ಳುವಾಗಲೇ ಬರೆಸಿಕೊಳ್ಳಬೇಕು. ಒಬ್ಬನೇ ಉದ್ಯಮಿ ಈ ಸಾಲನ್ನು ಕೇಳಿದರೆ ಗಿರಾಕಿ ಬೇರೆ ಬಾಗಿಲಿಗೆ ಹೋಗುತ್ತಾನೆ. ಒಂದು ಪ್ರದೇಶದ ಫೌಂಡ್ರಿಗಳೆಲ್ಲ ಒಂದೇ ಒಕ್ಕಣೆಯನ್ನು ಬಳಸಿದರೆ ಅವನಿಗೆ ಹೋಗಲು ಬಾಗಿಲುಗಳು ಕಡಿಮೆ. ಆ ಒಕ್ಕಣೆಯ ಕರಡನ್ನು ವಕೀಲರಿಂದ ಸಿದ್ಧಪಡಿಸಿ ಸದಸ್ಯರಿಗೆ ಹಂಚಲು ಸಂಘಗಳಿಗೆ ಯಾವ ಅನುದಾನವೂ ಬೇಕಾಗಿಲ್ಲ.