ಸ್ಕಾರ್ಫಿನ ಜೊತೆ ಊರಿನ ಹೆಸರೂ ಬರಲಿ

ಫ್ಯಾಷನ್ ಸಂಸ್ಥೆಗಳ ರೇಷ್ಮೆ ಸ್ಕಾರ್ಫು ಸಂಗ್ರಹಿಸುವವರು ಸುಮ್ಮನೆ ಕೊಳ್ಳುವವರಲ್ಲ. 1937ರಲ್ಲಿ ಫ್ರೆಂಚ್ ಸಂಸ್ಥೆ ಎರ್ಮೆಸ್ ತನ್ನ ಮೊದಲ ರೇಷ್ಮೆ ಚೌಕವನ್ನು ಹೊರತಂದ ಮೇಲೆ ಈ ಹವ್ಯಾಸಕ್ಕೆ ಅದರದೇ ಶಿಸ್ತು ಬೆಳೆದಿದೆ. ಚಿತ್ರ ಬರೆದವರು ಯಾರು, ಯಾವ ವರ್ಷದ್ದು, ಕೈಯಲ್ಲಿ ಸುರುಳಿ ಸುತ್ತಿ ಹೊಲಿದ ಅಂಚು ಚಪ್ಪಟೆಯಾಗಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಆದರೆ ಆ ಚಿತ್ರ ಒಂದು ಸೀಮೆಯ ಸಾಂಪ್ರದಾಯಿಕ ಉಡುಗೆಯಿಂದ ಬಂದಿದ್ದರೆ, ಅದು ಯಾವ ಜನರ ಉಡುಗೆ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣವನ್ನು ನೋಡಿ. ಎದೆಯ ಮೇಲೆ ನೆರಿಗೆ ಕೂರಿಸಿ ಪಿನ್ನು ಹಾಕುವ ಬಟ್ಟೆ, ತುರುಬಿಗೆ ಸುತ್ತುವ ಅಗಲವಾದ ರಿಬ್ಬನ್ನು ಅಲ್ಲಿನ ಹೆಂಗಸರ ಉಡುಗೆಯ ಗುರುತು. ಅದು ತಾನಾಗಿ ಉಳಿದುಬಂದದ್ದಲ್ಲ. ಕವಿ ಫ್ರೆಡೆರಿಕ್ ಮಿಸ್ತ್ರಾಲ್ ಆರ್ಲ್ ಇರುವ ಪ್ರೊವಾನ್ಸ್ ಸೀಮೆಯ ಜನಜೀವನಕ್ಕೆಂದೇ ಮ್ಯೂಸಿಯಂ ಕಟ್ಟಿ, 1904ರ ನೊಬೆಲ್ ಹಣವನ್ನೂ ಅದಕ್ಕೆ ಸುರಿದರು. 1930ರಿಂದ ಊರು ತನ್ನ ‘ರಾಣಿ’ಯನ್ನು ಆರಿಸುತ್ತಿದೆ, ಆಕೆಗೆ ಉಡುವ ಕ್ರಮದ ಜೊತೆ ಪ್ರೊವಾನ್ಸಲ್ ಭಾಷೆಯೂ ಬರಬೇಕು. ಅದೇ ಊರಿನ ಕ್ರಿಶ್ಚಿಯನ್ ಲಕ್ರ್ವಾ 1987ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಫ್ಯಾಷನ್ ಸಂಸ್ಥೆ ತೆರೆದಾಗ ತಮ್ಮ ವಿನ್ಯಾಸಗಳ ಮೂಲ ಆರ್ಲ್ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅದರಿಂದ ಅವರ ಪ್ರತಿಭೆಯ ಬೆಲೆ ಎಳ್ಳಷ್ಟೂ ತಗ್ಗಲಿಲ್ಲ.

ವಿನ್ಯಾಸ ಯಾರಪ್ಪನ ಸ್ವತ್ತೂ ಅಲ್ಲ, ಆರ್ಲಿನ ಉಡುಗೆಯೇ ಎರವಲಿನದು ಎನ್ನುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ. 17ನೇ ಶತಮಾನದಲ್ಲಿ ಮಾರ್ಸೇ ಬಂದರಿಗೆ ಇಳಿದ ಭಾರತದ ಅಚ್ಚಿನ ಹತ್ತಿಬಟ್ಟೆಯನ್ನು ನೋಡಿಯೇ ಪ್ರೊವಾನ್ಸಿನವರು ತಮ್ಮ ಅಚ್ಚು ಕೆತ್ತಿದರು. ಸ್ವದೇಶಿ ನೇಕಾರಿಕೆ ಹಾಳಾದೀತೆಂದು ಫ್ರಾನ್ಸ್ 1686ರಿಂದ 1759ರವರೆಗೆ ಅಂಥ ಬಟ್ಟೆಯನ್ನೇ ನಿಷೇಧಿಸಿತ್ತು. ಆದರೆ ಕೋರಮಂಡಲ ಕರಾವಳಿಯಲ್ಲಿ ಕುಳಿತು ಆ ಬಟ್ಟೆಗೆ ಬಣ್ಣ ಹಾಕಿದವರು ಯಾರು? ಅವರ ಹೆಸರುಗಳನ್ನು ಬಹುಪಾಲು ಯಾರೂ ಬರೆದಿಡಲಿಲ್ಲ. ಎರವಲು ಹಳೆಯದು ಎಂಬುದು ಮತ್ತೆ ಹಾಗೆಯೇ ಮರೆಯಲು ನೆಪವಾಗಬಾರದು.

ಸಂಗ್ರಹಕಾರರು ಸಂಶೋಧಕರಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಅಂಚಿನ ಹೊಲಿಗೆಯನ್ನೂ ಬಿಡದೆ ಪರೀಕ್ಷಿಸುವವರಿಗೆ ಊರಿನ ಹೆಸರು ಕೇಳುವುದು ಕಷ್ಟವೇ? ಹಳೆಯ ಸ್ಕಾರ್ಫುಗಳ ಬೆಲೆ ಕಟ್ಟುವವರು ಅವರೇ. ಅವರು ಕೇಳತೊಡಗಿದರೆ ಮಾರುವವರು ಉತ್ತರ ಹುಡುಕಲೇಬೇಕು. ಧಾರವಾಡ ಸೀಮೆಯ ಕಸೂತಿಯ ಗೋಪುರ, ತೇರು ರೇಷ್ಮೆಯ ಮೇಲೆ ಅಚ್ಚಾಗಿ ಬಂದಾಗ, ಅದನ್ನು ಎಳೆ ಎಣಿಸಿ ಕೈಯಲ್ಲಿ ಹಾಕುತ್ತ ಬಂದ ಹೆಣ್ಣುಮಕ್ಕಳ ಊರು ಸ್ಕಾರ್ಫಿನ ಚೀಟಿಯ ಮೇಲಿದೆಯೇ ಎಂದು ನಾವೂ ಕೇಳಬೇಕು. ಇಲ್ಲವಾದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬಾರದು.