ಉಳಿಯೋಕೆ ಮನೆ ಬೇಕು, ಉಳಿಸಿಕೊಳ್ಳೋಕೆ?

ಮೊನ್ನೆ ಆಫೀಸಿನ ಹುಡುಗನೊಬ್ಬ ಕಾಫಿ ಹೊತ್ತಿಗೆ ಬಂದು, "ಡಿಸೆಂಬರಿಗೆ ಯುರೋಪು ಸುತ್ತೋಕೆ ಹೋಗ್ತಿದೀನಿ ಸರ್. ಅಲ್ಲಿ ಯಾರದ್ದೋ ಮನೇಲಿ ಫ್ರೀಯಾಗಿ ಉಳ್ಕೋಬಹುದಂತಲ್ಲ, ನೀವು ಉಳ್ಕೊಂಡಿದ್ರಂತೆ, ಹೇಗೆ ಅಂತ ಹೇಳಿ" ಅಂದ. ಖುಷಿಯಿಂದಲೇ ಹೇಳೋಕೆ ಶುರು ಮಾಡಿದೆ. ಆದರೆ ಆ 'ಫ್ರೀ' ಅನ್ನೋ ಪದ ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಅದಕ್ಕೇ ಈ ಬರಹ.

2018ರ ಡಿಸೆಂಬರು. ಆರು ತಿಂಗಳ ಆನ್‌ಸೈಟ್ ಅಂತ ಜರ್ಮನಿಗೆ ಹೋಗಿದ್ದೆ. ಕ್ರಿಸ್‌ಮಸ್ ರಜೆಗೆ ಆಫೀಸು ಮುಚ್ಚಿತು. ಬೆನ್ನಿಗೊಂದು ಚೀಲ ಏರಿಸಿಕೊಂಡು ಪ್ರಾಗ್, ಕ್ರಾಕೋವ್, ಬುಡಾಪೆಸ್ಟ್ ಅಂತ ಹೊರಟೆ. ಎಲ್ಲೂ ಹೋಟೆಲ್ ಇಲ್ಲ. ಕೌಚ್‌ಸರ್ಫಿಂಗ್‌ನಲ್ಲಿ 31 ಜನಕ್ಕೆ ಬರೆದಿದ್ದೆ, "ಬಾ" ಅಂದವರು ಮೂರೇ ಜನ. ಒಂಟಿ ಗಂಡಸು, ಪ್ರೊಫೈಲಿನಲ್ಲಿ ಯಾರೂ ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದಿಲ್ಲ, ಯಾರು ತಾನೇ ಕರೀತಾರೆ? ಉತ್ತರವನ್ನೇ ಕೊಡದ ಜನರ ಮೇಲೆ ಆಗ ಭಾರಿ ಸಿಟ್ಟು ಬಂದಿತ್ತು. ಈ ಸಿಟ್ಟನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಚಳಿಗಾಲದಲ್ಲಿ ಯಾಕೆ ಹೋಗ್ತೀಯಾ, ಹೂವಿಲ್ಲ ಎಲೆಯಿಲ್ಲ ಅಂತ ಎಲ್ಲರೂ ಬೈದರು. ನನ್ನ ಅಭಿಪ್ರಾಯ ಕೇಳಿದರೆ, ಇನ್ನೊಬ್ಬರ ಮನೆಯಲ್ಲಿ ಉಳಿಯುವುದಾದರೆ ಚಳಿಗಾಲದಲ್ಲೇ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಊರೆಲ್ಲ ಸುತ್ತಿ, ಮಲಗೋಕೆ ಮಾತ್ರ ಮನೆಗೆ ಬರ್ತೀವಿ. ಆ ಮನೆ ಲಾಡ್ಜಿಗಿಂತ ಬೇರೆ ಏನೂ ಆಗಿರಲ್ಲ. ಡಿಸೆಂಬರಿನ ಕೊನೆಗೆ ಕ್ರಾಕೋವಿನಲ್ಲಿ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಕಾಲ್ಬೆರಳು ಮರಗಟ್ಟಿದ ಮೇಲೆ ಮನೆಗೆ ಬರಲೇಬೇಕು, ಬಂದಮೇಲೆ ಆರು ತಾಸು ಎದುರುಬದುರು ಕೂತು ಮಾತಾಡಲೇಬೇಕು. ನೋಡೋದಿದ್ದರೆ ಆ ಆರು ತಾಸನ್ನೇ ನೋಡಬೇಕು.

ಪ್ರಾಗ್‌ನಲ್ಲಿ ನನ್ನನ್ನು ಕರೆದವನ ಮನೆ ಮೆಟ್ರೋ ಸಿ ಲೈನಿನ ದಕ್ಷಿಣದ ತುದಿಯಲ್ಲಿ, ಹಾಯೆ ಅನ್ನೋ ಕಡೆ. ಪೋಸ್ಟ್‌ಕಾರ್ಡಿನ ಪ್ರಾಗ್ ಅಲ್ಲ ಅದು, ಕಮ್ಯುನಿಸ್ಟರ ಕಾಲದ ಕಾಂಕ್ರೀಟ್ ಪೆಟ್ಟಿಗೆಗಳ ಸಾಲು. ಬಾಗಿಲಲ್ಲೇ ಶೂ ಬಿಚ್ಚಿಸಿ ಅತಿಥಿಗೆಂದೇ ಇಟ್ಟಿದ್ದ ಚಪ್ಪಲಿ ಕೊಟ್ಟಾಗ ನಮ್ಮೂರೇ ಅನ್ನಿಸಿತು. ಸ್ನಾನಕ್ಕೆ ಹೋದರೆ ಟಬ್ಬಿನಲ್ಲಿ ಒಂದು ಜೀವಂತ ಮೀನು! ಕ್ರಿಸ್‌ಮಸ್ ಊಟಕ್ಕೆ ಕಾರ್ಪ್ ಮೀನು ತಂದು, ಕೊಯ್ಯುವ ದಿನದವರೆಗೆ ಸ್ನಾನದ ಟಬ್ಬಿನಲ್ಲಿ ಬಿಡುವುದು ಅಲ್ಲಿ ಹಳೇ ಪದ್ಧತಿ. ಅವನು ಬಂದು ಮೀನನ್ನು ಬಕೆಟ್ಟಿಗೆ ಹಾಕಿ, "ಈಗ ನೀನು" ಅಂದ. ಹುಟ್ಟಾ ಪುಳಿಚಾರಿನ ನಾನು ಮೀನಿನ ಮಿಗಿಲು ನೀರಲ್ಲಿ ಮಿಂದೆ. :-)

ಕ್ರಾಕೋವಿನಲ್ಲಿ ಉಳಿದದ್ದು ನೋವಾ ಹೂತಾ ಅನ್ನೋ ಬಡಾವಣೆಯಲ್ಲಿ, ನನ್ನ ವಾರಿಗೆಯ ಹುಡುಗ ಮತ್ತು ಅವನ ಅಮ್ಮನ ಜೊತೆ. ಆಗಿನ್ನೂ ಊರಿನ ಕೆಲವು ಮನೆಗಳಲ್ಲಿ ಕಲ್ಲಿದ್ದಲು ಸುಡುತ್ತಿದ್ದರು. 2019ರ ಸೆಪ್ಟೆಂಬರಿನಿಂದ ಊರಿನಲ್ಲಿ ಕಲ್ಲಿದ್ದಲು, ಸೌದೆ ಎರಡನ್ನೂ ನಿಷೇಧಿಸಿದರು. ಆ ಚಳಿಗಾಲದಲ್ಲಂತೂ ಉಸಿರೆಳೆದರೆ ಹೊಗೆಯ ರುಚಿ. 24ರ ಸಂಜೆ ಅವರ ದೊಡ್ಡ ಹಬ್ಬದೂಟ. ಮೇಜಿನ ಬಟ್ಟೆಯ ಕೆಳಗೆ ಒಂದಿಷ್ಟು ಒಣಹುಲ್ಲು. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೇ ಊಟ ಶುರು. ಆ ಹೊಗೆಯಲ್ಲಿ ನಕ್ಷತ್ರ ಎಲ್ಲಿಂದ ಬರಬೇಕು? ಅಮ್ಮ ಗಡಿಯಾರ ನೋಡಿ, "ಬಂತು" ಅಂತ ತೀರ್ಪು ಕೊಟ್ಟರು. ಹನ್ನೆರಡು ಬಗೆ, ಮಾಂಸವಿಲ್ಲ, ಮೀನುಂಟು. ಬೀಟ್‌ರೂಟಿನ ಸಾರು, ಎಲೆಕೋಸು ಅಣಬೆ ತುಂಬಿದ ಪಿಯೆರೋಗಿ, ಅಂದರೆ ನಮ್ಮ ಕಡುಬಿನ ದೂರದ ತಂಗಿ. ನನಗೇನೂ ಕಡಿಮೆಯಾಗಲಿಲ್ಲ.

ಮೇಜಿನ ಮೇಲೆ ನಾಲ್ಕು ತಟ್ಟೆ, ಇದ್ದವರು ಮೂವರು. ಅತಿಥಿಗೆ ಅಂತ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ ಅಂತ ಓದಿದ್ದೆ, ಹಾಗಾಗಿ ತುದಿಯ ಕುರ್ಚಿಗೆ ಕೈ ಹಾಕಿದೆ. ಆಕೆ ಕೈ ಹಿಡಿದು ಪಕ್ಕಕ್ಕೆ ಕೂರಿಸಿದರು. ಮಗ ಅನುವಾದ ಮಾಡಿದ: "ಅದು ಹೇಳದೇ ಬರುವವರಿಗೆ. ನೀನು ಹೇಳಿಯೇ ಬಂದಿದ್ದೀಯ, ನೀನು ಮನೆಯವನು." ನನ್ನ ಕಣ್ಣು ಒದ್ದೆಯಾಯಿತು. ಆದರೆ ಆ ಹುಡುಗ ಅಲ್ಲಿಗೇ ಬಿಡಲಿಲ್ಲ. "ನಾನು ಹುಟ್ಟಿದಾಗಿನಿಂದ ಆ ತಟ್ಟೆ ಖಾಲಿ. ನಿಜವಾಗಿ ಯಾರಾದರೂ ಬಾಗಿಲು ತಟ್ಟಿದರೆ ನಾವು ಕಿಂಡಿಯಲ್ಲಿ ಇಣುಕುತ್ತೇವೆ, ತೆಗೆಯಲ್ಲ" ಅಂದ.

ಅವನ ಮಾತು ಬರೀ ಮನೆಯದ್ದಲ್ಲ. 2015ರಲ್ಲಿ ನಿರಾಶ್ರಿತರನ್ನು ಯುರೋಪಿನ ದೇಶಗಳೆಲ್ಲ ಹಂಚಿಕೊಳ್ಳಬೇಕು ಅಂತ ತೀರ್ಮಾನವಾಯಿತು. ಆ ಪಾಲನ್ನು ಹೊರಲಿಲ್ಲ ಎಂದು 2020ರ ಏಪ್ರಿಲಿನಲ್ಲಿ ಯುರೋಪಿನ ನ್ಯಾಯಾಲಯ ಮೂರು ದೇಶಗಳನ್ನು ತಪ್ಪಿತಸ್ಥ ಅಂದಿತು. ಪೋಲೆಂಡ್, ಹಂಗರಿ, ಜೆಕ್. ನಾನು ಉಂಡು ಮಲಗಿದ ಅವೇ ಮೂರು ದೇಶ! 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದಾಗ ಅದೇ ಪೋಲೆಂಡಿನ ಜನ ಸ್ಟೇಷನ್ನಿಗೇ ಹೋಗಿ ಗುರುತಿಲ್ಲದ ತಾಯಿ ಮಕ್ಕಳನ್ನು ಮನೆಗೆ ಕರೆತಂದರು. ಬಾಗಿಲು ಅದೇ, ಕಿಂಡಿಯಲ್ಲಿ ಕಂಡ ಮುಖ ಮಾತ್ರ ಬೇರೆ.

ಇನ್ನು ಬುಡಾಪೆಸ್ಟ್. ಪಿಎಚ್‌ಡಿ ಮಾಡುತ್ತಿದ್ದ ಹುಡುಗ, ಒಂದೇ ಕೋಣೆಯ ಮನೆ. "ನಾನು ರಾತ್ರಿ ಓದಬೇಕು, ನೀನು ಮಲಗು" ಅಂತ ಅಡುಗೆಮನೆಗೆ ಹೋಗುತ್ತಿದ್ದ. ಮೂರನೇ ದಿನ ನಸುಕಿನಲ್ಲಿ ನೀರು ಕುಡಿಯೋಕೆ ಎದ್ದರೆ, ಅವನು ಅಡುಗೆಮನೆಯ ನೆಲದ ಮೇಲೆ ಕೋಟು ಹೊದ್ದು ಮಲಗಿದ್ದ. ಫ್ರೀ ಅಂತೀವಲ್ಲ, ಅದರ ಬೆಲೆ ಅಲ್ಲಿ ಮುದುಡಿ ಮಲಗಿತ್ತು. ಬೆಳಿಗ್ಗೆ ಚಿತ್ರಾನ್ನ ಮಾಡಿ ಬಡಿಸಿದೆ. ಅದರಿಂದ ಲೆಕ್ಕ ಚುಕ್ತಾ ಆಗಲ್ಲ ಅಂತ ಗೊತ್ತಿತ್ತು.

ಈ ವ್ಯವಸ್ಥೆ ಹುಟ್ಟಿದ್ದು ದುಡ್ಡು ಉಳಿಸೋಕಲ್ಲ. 1949ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಸರ್ವಾಸ್‌ನವರದು, ಯುದ್ಧ ಮುಗಿದ ಮೇಲೆ ಜನ ಒಬ್ಬರ ಮನೆಯಲ್ಲೊಬ್ಬರು ಉಳಿದರೆ ಇನ್ನೊಂದು ಯುದ್ಧ ತಪ್ಪೀತು ಅನ್ನೋ ಆಸೆ. 2000ದಲ್ಲಿ ಹಾಸ್ಪಿಟಾಲಿಟಿ ಕ್ಲಬ್, 2004ರಲ್ಲಿ ಕೌಚ್‌ಸರ್ಫಿಂಗ್ ಬಂದವು. ಕೌಚ್‌ಸರ್ಫಿಂಗ್ 2011ರಲ್ಲಿ ಲಾಭದ ಕಂಪನಿಯಾಯಿತು, 2020ರಲ್ಲಿ ಸದಸ್ಯರಿಂದ ಶುಲ್ಕ ಕೇಳತೊಡಗಿತು. ಹಣ ಬೇಡದ ಸ್ವಯಂಸೇವಕರ ಬಿವೆಲ್ಕಮ್ 2007ರಿಂದ ಇದೆ. ಹೆಂಗಸರ ಪಾಲಿಗೆ ಇದೆಲ್ಲ ಇಷ್ಟು ಸಲೀಸಲ್ಲ, ಅದೂ ನಿಜ. ನನ್ನ ಗೆಳತಿಯೊಬ್ಬಳು ಹೆಂಗಸರ ಅಥವಾ ಸಂಸಾರಸ್ಥರ ಮನೆ ಬಿಟ್ಟು ಬೇರೆಡೆ ಉಳಿಯಲ್ಲ. ಸರಿಯಾಗೇ ಇದೆ.

"ನಮ್ಮಲ್ಲಿ ಇದೆಲ್ಲ ಹಿಂದಿನಿಂದಲೂ ಇತ್ತು ಬಿಡಿ" ಅಂತ ಹೇಳೋಕೆ ನಮಗೆ ಬಲು ಇಷ್ಟ. ಹೌದು, ಇತ್ತು. ನಮ್ಮ ಮಲೆನಾಡಿನ ಮನೆಯ ಜಗಲಿಯಲ್ಲಿ ದಾರಿಹೋಕರು ಮಲಗಿ ಎದ್ದು ಹೋಗುತ್ತಿದ್ದರು. ಬಡ ಹುಡುಗರು ವಾರಾನ್ನ ಉಂಡು ಓದಿದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆದರೆ ಜಗಲಿ ಎಲ್ಲರಿಗೂ ಇರಲಿಲ್ಲ, ಕೆಲವರಿಗೆ ಅಂಗಳವೇ ಕೊನೆ. ವಾರಾನ್ನದ ಮನೆ ಹುಡುಕುವ ಹುಡುಗನಿಗೆ ಅವನ ಜಾತಿಯೇ ಪ್ರೊಫೈಲು, ಗೋತ್ರವೇ ರೆಫರೆನ್ಸು. ಕಿಂಡಿ ನಮ್ಮ ಬಾಗಿಲಲ್ಲೂ ಇತ್ತು.

ಈಗಲೂ ಇದೆ ಅಂತ ಗೊತ್ತಾಗಿದ್ದು ನನ್ನಿಂದಲೇ. ಬೆಂಗಳೂರಿಗೆ ವಾಪಸ್ಸಾಗಿ, ಋಣ ತೀರಿಸೋಣ ಅಂತ 2019ರಲ್ಲಿ ನನ್ನ ಬಾಡಿಗೆ ಮನೆಯನ್ನೂ ಪಟ್ಟಿಗೆ ಸೇರಿಸಿದೆ. ಮೊದಲು ಬಂದದ್ದು ಸ್ಪೇನಿನ ಗಂಡ ಹೆಂಡತಿ. ಓನರ್ ಅಂಕಲ್ಲಿಗೆ ಮಸ್ಕಾ ಹೊಡೆದೆ, ವಿದೇಶಿಯರು ಉಳಿದರೆ 24 ಗಂಟೆಯೊಳಗೆ ತುಂಬಬೇಕಾದ ಸಿ ಫಾರಂ ತುಂಬಿದೆ, ಮಸಾಲೆದೋಸೆ ತಿನ್ನಿಸಿದೆ, ಫೋಟೋ ಹಾಕಿದೆ. ಎರಡನೆಯ ವಿನಂತಿ ರಾಯಚೂರು ಕಡೆಯ ಒಬ್ಬ ಹುಡುಗನದು. ಪರೀಕ್ಷೆ ಬರೆಯೋಕೆ ಬರ್ತಿದೀನಿ, ಒಂದು ರಾತ್ರಿ ಸಾಕು ಸರ್ ಅಂತ. ಪ್ರೊಫೈಲಿನಲ್ಲಿ ಯಾರೂ ಅವನ ಬಗ್ಗೆ ಏನೂ ಬರೆದಿರಲಿಲ್ಲ. 2018ರಲ್ಲಿ ನನ್ನ ಪ್ರೊಫೈಲು ಹೇಗಿತ್ತೋ ಹಾಗೇ.

ನಾನು ಉತ್ತರಿಸಲಿಲ್ಲ. ಇಲ್ಲ ಅಂತಲೂ ಹೇಳಲಿಲ್ಲ. ಓನರ್ ಏನಂತಾರೋ, ಯಾರೋ ಏನೋ, ನಾಳೆ ನೋಡಿದರಾಯ್ತು... ಹೀಗೇ ನಾಲ್ಕು ದಿನ. ಆಮೇಲೆ ನಾಚಿಕೆಯಾಗಿ ಬರೆದೆ. ಅವನ ಉತ್ತರ: "ಪರವಾಗಿಲ್ಲ ಸರ್, ಎಕ್ಸಾಮ್ ಮುಗೀತು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲೇ ಮಲಗಿದ್ದೆ."

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನಾನೇ. ಸ್ಪೇನಿನವರಿಗೆ ನಾನು ಕೊಟ್ಟದ್ದು ಆತಿಥ್ಯವೂ ಅಲ್ಲ, ನನ್ನ ಶೋಕಿ ಅಷ್ಟೆ.

ಅದಕ್ಕೇ ಆಫೀಸಿನ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹೋಗು, ಚಳಿಯಲ್ಲೇ ಹೋಗು. ಎರಡು ಮೂರು ರಾತ್ರಿಗಿಂತ ಹೆಚ್ಚು ಉಳಿಯಬೇಡ, ಒಂದು ದಿನವಾದರೂ ನೀನೇ ಅಡುಗೆ ಮಾಡು, ಅವರು ಎಲ್ಲಿ ಮಲಗ್ತಾರೆ ಅಂತ ಮೊದಲನೇ ದಿನವೇ ಕೇಳು. ಆದರೆ ಹೊರಡುವ ಮೊದಲು ನಿನ್ನ ಮನೆಯಲ್ಲಿ ಒಬ್ಬನನ್ನು ಉಳಿಸಿಕೋ. ವಿದೇಶಿಯನ್ನಲ್ಲ, ನಮ್ಮದೇ ರಾಜ್ಯದ, ನಿನಗೆ ಗುರುತಿಲ್ಲದ ಒಬ್ಬನನ್ನು. ಅದು ಆಗಲ್ಲ ಅಂದರೆ ಹಾಸ್ಟೆಲ್ ಬುಕ್ ಮಾಡು, ಅದರಲ್ಲೇನೂ ತಪ್ಪಿಲ್ಲ.

ಅವನು "ನಮ್ಮ ಓನರ್ ಬಿಡಲ್ಲ ಸರ್" ಅಂದ. ನಾನೂ ಅದನ್ನೇ ಹೇಳಿಕೊಂಡಿದ್ದೆ. ನಿಮ್ಮ ಮನೆಯ ಓನರ್ ಏನಂತಾರೆ?